ಬಾರ್ಬಡೋಸಿಗೆ ಇಟ್ಟ ಪ್ರಸ್ಥಾನ

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿದ್ದು, ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಯಾರಾದರೂ ಶುರು ಮಾಡಿದರೆ ಮೊಬೈಲ್ ತೆಗೆದು ಏನೋ ತುರ್ತು ಕೆಲಸ ಇರುವವಳ ಹಾಗೆ ನಟಿಸುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕು ಅಂತ ನನಗೇನೂ ಹಟವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ, ಇದನ್ನು ನೆನೆಸಿಕೊಂಡರೆ ನನಗೆ ಹೆದರಿಕೆಯಾಗುವುದಿಲ್ಲ, ಹೊಟ್ಟೆ ಉರಿಯುತ್ತದೆ.

ಕತಾರಿನಲ್ಲಿ ವಿಶ್ವಕಪ್ ನಡೆದ ವರ್ಷದ ಮಾತು. ನನಗೆ ದೋಹಾದ ಮುಶೈರಿಬ್‌ನ ಒಂದು ಆಫೀಸಿನಲ್ಲಿ ಕೆಲಸ, ನಜ್ಮಾದ ಹಳೇ ಕಟ್ಟಡವೊಂದರಲ್ಲಿ ಒಂಟಿ ವಾಸ. ಮದುವೆಯಾಗಿಲ್ಲ. ಯಾಕೆ ಎನ್ನುವುದು ಬೇರೆ ಕಥೆ, ಅದರಲ್ಲಿ ವಿಚಿತ್ರವಾದದ್ದೇನೂ ಇಲ್ಲ. ಅಪ್ಪ ಹೋದ ಮೇಲೆ ಅಮ್ಮ ಮೈಸೂರಿನಲ್ಲಿ ತಮ್ಮನ ಜೊತೆಗಿದ್ದಳು. ಪಂದ್ಯಗಳು ನಡೆಯುವ ದಿನಗಳಲ್ಲಿ ನಮ್ಮ ಆಫೀಸಿಗೆ ರಜೆ ಎಂದು ಗೊತ್ತಾದದ್ದೇ ತಡ, ವಿಸಿಟ್ ವೀಸಾ ಮಾಡಿಸಿ ಅಮ್ಮನನ್ನು ಕರೆಸಿಕೊಂಡೆ. ಊರಿಗೆ ಊರೇ ಫುಟ್‌ಬಾಲ್ ನೋಡಲಿ, ನಾವಿಬ್ಬರು ಎಲ್ಲಿಗಾದರೂ ಹೋಗೋಣ ಅಂದೆ. ಅಲ್ಲಿಯವರೆಗೆ ನಾವಿಬ್ಬರೇ ಎಂದು ಎಲ್ಲಿಗೂ ಹೋದವರಲ್ಲ. ತಿರುಪತಿಗೆ ಹೋದದ್ದು ತಮ್ಮನ ಮುಡಿ ಕೊಡಲು, ಧರ್ಮಸ್ಥಳಕ್ಕೆ ಹೋದದ್ದು ತಮ್ಮ ಪಾಸಾಗಲೆಂದು. ನಾನು ಲಗೇಜಿನ ಜೊತೆ ಹೋಗುತ್ತಿದ್ದೆ.

ಎಲ್ಲಿಗೆ ಹೋಗೋಣ ಎಂದು ಕೇಳಿದಾಗ ಅಮ್ಮ ಸ್ವಲ್ಪ ನಾಚಿಕೊಂಡು ಬಾರ್ಬಡೋಸ್ ಅಂದಳು. ನಾನು ನಕ್ಕುಬಿಟ್ಟೆ. ಕಾಶಿಯೋ ಸಿಂಗಪುರವೋ ಅನ್ನುತ್ತಾಳೆ ಅಂದುಕೊಂಡಿದ್ದೆ. ಆಮೇಲೆ ಅರ್ಥವಾಯಿತು. ಅಪ್ಪ ವೆಸ್ಟ್ ಇಂಡೀಸಿನ ಟೆಸ್ಟ್ ಪಂದ್ಯಗಳ ಕಾಮೆಂಟರಿಯನ್ನು ರೇಡಿಯೋಕ್ಕೆ ಕಿವಿ ಹಚ್ಚಿ ಕೇಳುತ್ತಿದ್ದರು, ಅಮ್ಮ ಕಾಫಿ ಮಾಡಿಕೊಟ್ಟು ಪಕ್ಕದಲ್ಲಿ ಕೂತಿರುತ್ತಿದ್ದಳು. ಆಟ ಅವಳಿಗೆ ಒಂದು ಚೂರೂ ಅರ್ಥವಾಗುತ್ತಿರಲಿಲ್ಲವಂತೆ. ಆದರೆ ನಡುನಡುವೆ ಜನರ ಗದ್ದಲದ ಹಿಂದೆ ಗಾಳಿ ಬೀಸುವುದು ಕೇಳಿಸುತ್ತಿತ್ತಂತೆ. ಅದು ಯಾವ ಊರಿನ ಗಾಳಿ ಅಂತ ಒಂದು ಸಲ ಹೋಗಿ ನೋಡಬೇಕು ಅಂದಳು.

ಆಫೀಸಿನವರು ಹಡಗಿನಲ್ಲಿ ಹೋಗಿ, ದ್ವೀಪಗಳನ್ನೆಲ್ಲ ಸುತ್ತಿಸುತ್ತಾರೆ ಎಂದು ಸಲಹೆ ಕೊಟ್ಟರು. ಅಮ್ಮ ಸುತರಾಂ ಒಪ್ಪಲಿಲ್ಲ. "ನೀರಿನ ಮೇಲೆ ನಿದ್ದೆ ಬರಲ್ಲ ಕಣೆ. ನೆಲದ ಮೇಲೆ ಒಂದು ಮನೆ ನೋಡು, ನಾಲ್ಕು ದಿನ ಅಲ್ಲೇ ಇರೋಣ" ಅಂದಳು. ಹುಡುಕಿದಾಗ ಸಮುದ್ರಕ್ಕೆ ಮುಖ ಮಾಡಿದ, ಮುಂದೆ ಜಗಲಿ ಇರುವ ಮನೆಯೊಂದು ಸಿಕ್ಕಿತು. ಅದರ ಯಜಮಾನಿ ಐರಿಸ್ ಎನ್ನುವ ವಯಸ್ಸಾದ ಹೆಂಗಸು. ಸಂಜೆ ನಾನು ಆಫೀಸಿನಿಂದ ಬಂದ ಮೇಲೆ ವಿಡಿಯೋ ಕಾಲ್ ಮಾಡುತ್ತಿದ್ದೆವು. ಅಮ್ಮನ ಅರೆಬರೆ ಇಂಗ್ಲಿಷಿಗೂ ಐರಿಸ್‌ಳ ರಾಗ ಎಳೆಯುವ ಇಂಗ್ಲಿಷಿಗೂ ಅದು ಹೇಗೋ ಹೊಂದಿಕೊಂಡುಬಿಟ್ಟಿತು. ಅಲ್ಲಿ ಬೆಂಡೆಕಾಯಿ ಸಿಗುತ್ತದೆ ಎಂದು ತಿಳಿದ ದಿನ ಅಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ ಹುಳಿಪುಡಿಯ ಡಬ್ಬಿಯನ್ನು ಅವತ್ತೇ ಸೂಟ್‌ಕೇಸಿಗೆ ಹಾಕಿದಳು.

ಹೊರಡುವ ದಿನ ಪಂಚಾಂಗದ ಪ್ರಕಾರ ಸರಿಯಿರಲಿಲ್ಲ. ಇದಕ್ಕೆ ನಮ್ಮ ಕಡೆ ಒಂದು ಉಪಾಯವಿದೆ, ಪ್ರಸ್ಥಾನ ಇಡುವುದು. ಹೊರಡುವ ದಿನಕ್ಕೂ ಮೊದಲೇ ಒಂದು ಒಳ್ಳೆಯ ಹೊತ್ತು ನೋಡಿ, ಒಂದು ಬಟ್ಟೆಯಲ್ಲಿ ಅಕ್ಕಿ, ಅಡಿಕೆ, ಅರಿಶಿನದ ಕೊಂಬು ಕಟ್ಟಿ ಬೇರೆಯವರ ಮನೆಯಲ್ಲಿಟ್ಟು ಬರುತ್ತಾರೆ. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ನಿಜವಾಗಿ ಹೊರಡುವ ದಿನ ಆ ಗಂಟನ್ನು ಎತ್ತಿಕೊಂಡು ಮುಂದೆ ಹೋದರಾಯಿತು. ಅಮ್ಮ ಎರಡು ಗಂಟು ಕಟ್ಟಿದಳು. ತನ್ನದು ಹಸಿರು ರವಿಕೆ ಬಟ್ಟೆಯದು, ಮೂಲೆಯಲ್ಲಿ ಊದುಬತ್ತಿಯ ಕಿಡಿ ಬಿದ್ದು ಆದ ತೂತಿತ್ತು. ನನ್ನದು ಹಳದಿ. ಎರಡನ್ನೂ ಎದುರು ಮನೆಯ ಜುಬೇದಾಳ ಕೈಗೆ ಕೊಟ್ಟಳು. ಜುಬೇದಾ ಪುತ್ತೂರಿನವಳು, ಅವಳ ಗಂಡನಿಗೆ ನಮ್ಮ ಕಟ್ಟಡದ ಕೆಳಗೇ ಟೈಲರ್ ಅಂಗಡಿ. "ನಮ್ಮಲ್ಲಿ ಇಡ್ಲಿಕ್ಕೆ ಆಗ್ತದಾ ಅಮ್ಮ, ಎಂತ ತೊಂದರೆ ಇಲ್ವಾ?" ಎಂದು ಅವಳು ಕೇಳಿದ್ದಕ್ಕೆ ಅಮ್ಮ, "ದಾರಿಗೆ ಹತ್ತಿರ ಇರೋ ಮನೆ ಆದ್ರೆ ಸಾಕಮ್ಮ" ಅಂದಳು. ಜುಬೇದಾ ಅವನ್ನು ಶೋಕೇಸಿನ ಗಾಜಿನ ಹಿಂದೆ ಒಂದರ ಪಕ್ಕ ಒಂದು ಇಟ್ಟು ಬೀಗ ಹಾಕಿದಳು.

ಅದೇ ವಾರ ತಮ್ಮ ಫೋನ್ ಮಾಡಿದ. "ಅಕ್ಕ, ಶುಕ್ರವಾರ ಅಮ್ಮನ್ನ ಏರ್‌ಪೋರ್ಟಿಗೆ ಬೇಗ ಕರ್ಕೊಂಡು ಹೋಗು, ವಿಶ್ವಕಪ್ ರಶ್ ಇರತ್ತೆ" ಅಂದ. ಯಾವ ಏರ್‌ಪೋರ್ಟ್, ಯಾವ ಶುಕ್ರವಾರ ಎಂದು ಕೇಳಿದೆ. ಅವನಿಗೇ ಆಶ್ಚರ್ಯವಾಯಿತು. ಅವನ ಹೆಂಡತಿಗೆ ಕೆಲಸ ಸಿಕ್ಕಿತ್ತು, ಮಗುವನ್ನು ನೋಡಿಕೊಳ್ಳಲು ಜನ ಬೇಕಿತ್ತು, ಅಮ್ಮ ಬರುತ್ತೇನೆಂದು ಎಂದೋ ಒಪ್ಪಿದ್ದಳು, ಟಿಕೆಟ್ಟೂ ಆಗಿತ್ತು. ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಅಂದರೆ ಬೆಂಡೆಕಾಯಿಗೆ ಸಂಭ್ರಮಪಟ್ಟಾಗ ಅಮ್ಮನಿಗೆ ತಾನು ಹೋಗುವುದಿಲ್ಲವೆಂದು ಗೊತ್ತಿತ್ತು. ಗಂಟು ಕಟ್ಟುವಾಗಲೂ ಗೊತ್ತಿತ್ತು. ದಿನಾ ಸಂಜೆ ನನ್ನ ಪಕ್ಕದಲ್ಲಿ ಕೂತು ನನ್ನನ್ನು ಚಿಕ್ಕ ಮಗುವಿನ ಹಾಗೆ ಆಡಿಸಿದ್ದಳು. ನಾನು ಕೂಗಾಡಿದೆ. ಅವಳು ತಲೆ ತಗ್ಗಿಸಿ ಸೀರೆ ಮಡಚುತ್ತ ಒಂದೇ ಮಾತು ಹೇಳಿದಳು. "ನೀನಾದ್ರೆ ತಡ್ಕೋತೀಯ ಕಣೆ. ಅವನ ಕೈಲಿ ಆಗಲ್ಲ."

ಈ ಮಾತನ್ನು ನಾನು ಬಾಲ್ಯದಿಂದ ಕೇಳಿದ್ದೇನೆ. ಮುರಿದ ಸೈಕಲ್, ತಣ್ಣಗಾದ ದೋಸೆ, ಕಿಟಕಿಯಿಲ್ಲದ ಕೋಣೆ ಎಲ್ಲವೂ ನನ್ನ ಪಾಲಿಗೆ ಬಂದದ್ದು ಇದೇ ಮಾತಿನಿಂದ. ಶುಕ್ರವಾರ ಅವಳನ್ನು ಏರ್‌ಪೋರ್ಟಿಗೆ ಬಿಟ್ಟೆ. ಪಂದ್ಯದ ಕಾರ್ಡ್ ಇಲ್ಲದವರನ್ನು ಆಮೇಲೆ ದೇಶದೊಳಗೆ ಬಿಡುತ್ತಿರಲಿಲ್ಲ, ಮನಸ್ಸು ಬದಲಾದರೂ ಅವಳು ವಾಪಸು ಬರುವ ಹಾಗಿರಲಿಲ್ಲ. ಐರಿಸ್‌ಳಿಗೆ ನಾವು ಬರುವುದಿಲ್ಲವೆಂದು ತಿಳಿಸಿದೆ. ಗಂಟುಗಳ ನೆನಪು ನನಗಾಗಲಿಲ್ಲ.

ನಾವು ಆ ದ್ವೀಪದಲ್ಲಿ ಇರಬೇಕಾಗಿದ್ದ ದಿನ ಬಂತು. ಸಂಜೆಯ ಹೊತ್ತು, ಕೆಳಗೆ ರಸ್ತೆಯಲ್ಲಿ ಬಾವುಟ ಹೊದ್ದುಕೊಂಡ ಜನ ಹಾಡುತ್ತ ಮೆಟ್ರೋ ಕಡೆ ಹೋಗುತ್ತಿದ್ದರು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಫೋನ್ ಬಡಿದುಕೊಂಡಿತು, ಐರಿಸ್‌ಳ ವಿಡಿಯೋ ಕಾಲ್. ಗಾಬರಿಯಲ್ಲಿದ್ದಳು. ನಿನ್ನ ಅಮ್ಮ ನಿನಗೆ ಫೋನ್ ಮಾಡಿದಳಾ, ಎಲ್ಲಿದ್ದಾಳೆ, ಎಂದು ಕೇಳಿದಳು.

ನನಗೆ ಅರ್ಥವಾಗಲಿಲ್ಲ. ಅವಳು ಹೇಳಿದ್ದು ಇಷ್ಟು. ಅಲ್ಲಿ ಬೆಳಗಾಗುವಾಗ, ಅಂದರೆ ನಮಗೆ ಮಧ್ಯಾಹ್ನ, ಅಂಗಳ ಗುಡಿಸುತ್ತಿದ್ದಳಂತೆ. ಗೇಟಿನ ಹತ್ತಿರ ಅಮ್ಮ ನಿಂತಿದ್ದಳಂತೆ, ಒಬ್ಬಳೇ. ಗಿಡಕ್ಕೆ ನೀರು ಬಿಡುವ ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಮೇಲೆ ಬಂದು ಸಮುದ್ರದ ಕಡೆಯ ಕುರ್ಚಿಯಲ್ಲಿ ಕೂತಳಂತೆ. ಟೀ ತರಲೇ ಎಂದಾಗ ಸಕ್ಕರೆ ಬೇಡ ಎಂದು ಕೈಯಾಡಿಸಿದಳಂತೆ. ಕೊನೆಗೆ ಮನಸ್ಸು ಮಾಡಿ ಬಂದಳಲ್ಲ ಎಂದು ಖುಷಿಯಿಂದ ಐರಿಸ್ ಟೀ ಮಾಡಲು ಒಳಗೆ ಹೋದಳು. ಹೊರಗೆ ಬಂದರೆ ಕುರ್ಚಿ ಖಾಲಿ. ಸಮುದ್ರ ನೋಡಲು ಇಳಿದಿರಬೇಕೆಂದು ಕಾದಳು, ಹುಡುಕಿದಳು, ಎಲ್ಲೂ ಇಲ್ಲ. "ಇದನ್ನು ಇಲ್ಲೇ ಬಿಟ್ಟುಹೋಗಿದ್ದಾಳೆ" ಎಂದು ಫೋನನ್ನು ಕಿಟಕಿಯ ಕಡೆ ತಿರುಗಿಸಿದಳು.

ಕಿಟಕಿಯ ಕಟ್ಟೆಯ ಮೇಲೆ ಹಸಿರು ಗಂಟು ಕೂತಿತ್ತು. ಹತ್ತಿರ ಹಿಡಿಯಲು ಹೇಳಿದೆ. ಮೂಲೆಯಲ್ಲಿ ಊದುಬತ್ತಿಯ ತೂತು ಕಾಣಿಸಿತು.

ಅವಳಿಗೆ ಏನು ಹೇಳಿದೆನೋ ನೆನಪಿಲ್ಲ. ಮೈಸೂರಿಗೆ ಫೋನ್ ಹಚ್ಚಿದೆ. ಅಮ್ಮನೇ ಎತ್ತಿಕೊಂಡಳು. ಆಗಿನ್ನೂ ದೇವರ ದೀಪ ಹಚ್ಚಿ ಬಂದಿದ್ದಳು. ಜೀವ ಬಂದಂತಾಯಿತು. ಮಧ್ಯಾಹ್ನ ಏನು ಮಾಡುತ್ತಿದ್ದೆ ಎಂದು ಕೇಳಿದೆ. "ಮಲಗಿದ್ದೆ. ಅದೇನು ನಿದ್ದೆಯೋ, ಮಗು ಬಂದು ಅಲ್ಲಾಡಿಸಿದ್ರೂ ಎಚ್ಚರ ಆಗ್ಲಿಲ್ಲವಂತೆ" ಅಂದಳು. ಆಮೇಲೆ ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ, "ಏನು ಗಾಳಿ ಅಂತೀಯ ಅಲ್ಲಿ" ಅಂದಳು.

"ಎಲ್ಲಿ ಅಮ್ಮ?"

"ದೋಹಾದಲ್ಲಿ ಕಣೆ, ಇನ್ನೆಲ್ಲಿ" ಎಂದು ಹೇಳಿ, ಒಲೆ ಮೇಲೆ ಹಾಲಿದೆ ಎಂದು ಫೋನಿಟ್ಟಳು.

ಎದುರು ಮನೆಯ ಬಾಗಿಲು ತಟ್ಟಿದೆ. ನಮ್ಮ ಗಂಟುಗಳು ಇವೆಯಾ ಎಂದು ಕೇಳಿದಾಗ ಜುಬೇದಾ ನಕ್ಕಳು. "ಉಂಟಲ್ಲಾ ಅಕ್ಕ. ನೀವು ಹೋಗುವುದಿಲ್ಲ ಅಂತ ಗೊತ್ತಾಗಿ ವಾಪಸ್ ಕೊಡ್ಲಿಕ್ಕೆ ಹೋದೆ. ಇರಲಿ, ಹೊರಟದ್ದನ್ನು ತಡೀಬಾರದು ಅಂತ ಅಮ್ಮ ಹೇಳಿದ್ರು. ಬೆಳಿಗ್ಗೆ ಧೂಳು ಒರೆಸುವಾಗ ಸಹ ನೋಡಿದ್ದೇನೆ" ಎನ್ನುತ್ತಲೇ ಸೊಂಟದಿಂದ ಬೀಗದ ಕೈ ತೆಗೆದಳು. ಗಾಜಿನ ಬಾಗಿಲು ತೆರೆದವಳು ಹಾಗೇ ನಿಂತುಬಿಟ್ಟಳು. ನಂಬಿ ಅಮಾನತ್ತಾಗಿ ಇಟ್ಟದ್ದು ತನ್ನ ಮನೆಯಿಂದ ಹೋಯಿತಲ್ಲ ಎಂದು ಅತ್ತಳು, ಮಕ್ಕಳನ್ನು ಕರೆದು ಗದರಿದಳು, ಸೋಫಾದ ಕೆಳಗೆಲ್ಲ ಹುಡುಕಿದಳು. ನಾನು ಹುಡುಕಲಿಲ್ಲ. ಶೋಕೇಸಿನಲ್ಲಿ ಹಳದಿ ಗಂಟೊಂದೇ ಇತ್ತು.

ನಾನೂ ಬುದ್ಧಿ ಖರ್ಚು ಮಾಡಿದ್ದೇನೆ. ಐರಿಸ್ ಕಂಡದ್ದು ಬೇರೆ ಯಾರೋ ಭಾರತದ ಹೆಂಗಸನ್ನು ಇರಬಹುದು. ಜುಬೇದಾ ಒರೆಸುವಾಗ ಸರಿಯಾಗಿ ನೋಡಿರಲಿಕ್ಕಿಲ್ಲ. ಹಸಿರು ಬಟ್ಟೆ ಪ್ರಪಂಚದಲ್ಲಿ ಬೇಕಾದಷ್ಟಿದೆ, ತೂತೂ ಇರಬಹುದು. ಒಂದೊಂದನ್ನೂ ಬೇರೆಬೇರೆಯಾಗಿ ಒಪ್ಪಬಲ್ಲೆ, ಎಲ್ಲವನ್ನೂ ಒಟ್ಟಿಗೆ ಒಪ್ಪಲು ಆಗುವುದಿಲ್ಲ. ಆಮೇಲೆ ಮೈಸೂರಿಗೆ ಹೋದಾಗ ಅಮ್ಮನನ್ನು ನೇರವಾಗಿಯೇ ಕೇಳಿದೆ. ಅವಳು ಮಗುವಿಗೆ ಅನ್ನ ಕಲಸುತ್ತ, "ಯಾವ ಗಂಟು ಕಣೆ?" ಅಂದಳು. ಮುಖ ಮಾತ್ರ ಎತ್ತಲಿಲ್ಲ.

ಈ ಕಥೆ ಕೇಳಿದವರೆಲ್ಲ ಬೀಗ ಹಾಕಿದ ಶೋಕೇಸಿನಿಂದ ಗಂಟು ಅಷ್ಟು ದೂರ ಹೇಗೆ ಹೋಯಿತು ಎನ್ನುತ್ತಾರೆ. ನನಗೂ ಗೊತ್ತಿಲ್ಲ, ಯಾರಿಗಾದರೂ ತಿಳಿದರೆ ಹೇಳಲಿ. ಹಳದಿ ಗಂಟು ಈಗಲೂ ನನ್ನ ಬೀರುವಿನಲ್ಲಿದೆ. ಅಕ್ಕಿಗೆ ಹುಳು ಬಿದ್ದಿರಬೇಕು, ನಾನು ಬಿಚ್ಚಿಲ್ಲ. ಎರಡನ್ನೂ ಅಮ್ಮನೇ ಕಟ್ಟಿದ್ದು, ಒಂದೇ ಮುಹೂರ್ತದಲ್ಲಿ ಇಟ್ಟದ್ದು. ಹೊರಡುವ ಹೊತ್ತಿಗೆ ತನ್ನದನ್ನು ಎತ್ತಿಕೊಂಡವಳು, ಪಕ್ಕದಲ್ಲೇ ಇದ್ದ ನನ್ನದನ್ನು ಯಾಕೆ ಬಿಟ್ಟುಹೋದಳು?