ಕೆಮ್ಮಿಲ್ಲದ ಕಾಯಿಲೆ

ಗದಗಿನ ದಾಕ್ಷಾಯಣಿ ಗಂಡ ಪ್ರಮೋದನ ಜೊತೆ ಕೊಲ್ಲಿ ದೇಶದ ಐನ್ ಖಾಲಿದ್‌ಗೆ ಬಂದು ಐದು ವರ್ಷವಾಗಿತ್ತು. ಅವನು ಗ್ಯಾಸ್ ಕಂಪನಿಯಲ್ಲಿ ಫೋರ್‌ಮನ್. ಅವಳು ಮನೆಯಲ್ಲೇ ಅಕ್ಕಪಕ್ಕದವರ ಬ್ಲೌಸ್ ಹೊಲಿಯುತ್ತಿದ್ದಳು. ಮಕ್ಕಳಾಗಿರಲಿಲ್ಲ. ವರ್ಷದಿಂದ ಕಿಬ್ಬೊಟ್ಟೆಯಲ್ಲಿ ಮಂದ ನೋವು. ಮುಟ್ಟು ಒಂದೇ ದಿನಕ್ಕೆ ನಿಂತುಬಿಡುತ್ತಿತ್ತು. ಸಂಜೆಯಾದರೆ ಮೈ ಬೆಚ್ಚಗಾಗುವುದು. ಈ ಊರಿನ ಬಿಸಿಲಿಗೆ ಯಾರ ಮೈ ತಾನೇ ತಣ್ಣಗಿರುತ್ತದೆ ಎಂದು ಸುಮ್ಮನಾಗಿದ್ದಳು.

ಮೊದಲ ಕ್ಲಿನಿಕ್ಕಿನವರು ಮೂತ್ರದ ಸೋಂಕು ಎಂದರು. ಎರಡನೆಯವರು ಗ್ಯಾಸ್ ಎಂದರು. ಮೂರನೆಯ ಕಡೆ ಸ್ಕ್ಯಾನ್ ಮಾಡಿ, ಅಂಡಾಶಯದ ಪಕ್ಕ ಗಡ್ಡೆಯಿದೆ, ಹೊಟ್ಟೆಯಲ್ಲಿ ನೀರೂ ತುಂಬಿದೆ, ಕ್ಯಾನ್ಸರ್ ಇರಬಹುದು ಎಂದು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಪ್ರಮೋದ ಕಾರನ್ನು ಮನೆಯ ಕಡೆ ತಿರುಗಿಸಿದ. ಅವಳಿಗೆ ಅಳು ಬರಲಿಲ್ಲ. ಕತ್ತರಿಸಿಟ್ಟ ಮೂರು ಬ್ಲೌಸುಗಳನ್ನು ಯಾರು ಹೊಲಿಯಬೇಕು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ದೊಡ್ಡಾಸ್ಪತ್ರೆಯ ಡಾಕ್ಟರ್ ಕ್ರಿಸ್ಟೀನಾ ಉಡುಪಿಯವರು. ಹೊಕ್ಕುಳ ಬಳಿ ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಇಳಿಸಿ ನೋಡಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡರು.

“ಕ್ಯಾನ್ಸರ್ ಅಲ್ಲ. ಟಿಬಿ. ಗರ್ಭನಾಳಕ್ಕೆ ಬಂದದ್ದು.”

“ಟಿಬಿ ಅಂದ್ರ ಕೆಮ್ಮಲ್ಲೇನ್ರೀ ಮೇಡಂ? ನನಗ ಕೆಮ್ಮೇ ಇಲ್ಲ. ವೀಸಾಕ್ಕಂತ ಎದಿ ಎಕ್ಸ್‌ರೇ ತಗದಾಗೂ ಏನೂ ಇದ್ದಿಲ್ಲ.”

“ಎದೆ ಸರಿ ಇದ್ದರೂ ಹೀಗಾಗ್ತದೆ. ಎಂದೋ ಶ್ವಾಸಕೋಶಕ್ಕೆ ಹೋದ ರೋಗಾಣು ರಕ್ತದಲ್ಲಿ ಹರಿದು ಅಲ್ಲಿ ಕೂತಿರ್ತದೆ. ವರ್ಷಗಟ್ಟಲೆ ಗೊತ್ತೇ ಆಗುದಿಲ್ಲ. ಮನೆಯಲ್ಲಿ ಯಾರಿಗಾದರೂ ಇತ್ತಾ?”

“ಯಾರಿಗೂ ಇಲ್ರೀ.”

ಆದರೂ ಊರಿಗೆ ಫೋನ್ ಮಾಡಿದಳು. ತಾಯಿ ಬಾಳಮ್ಮ ದನಿ ತಗ್ಗಿಸಿದಳು.

“ನಿನ್ನ ಸೋದರಮಾವಗ ಇತ್ತವ್ವಾ. ನೀ ಸಣ್ಣಾಕಿ, ಅವನ ಮಗ್ಗಲದಾಗ ಮಲಗತಿದ್ದಿ. ದಮ್ಮು ಅಂತ ಎಲ್ಲಾರಿಗೂ ಹೇಳಿದ್ವಿ. ನಾಳೆ ನಿನಗ ವರಾ ಸಿಗಬೇಕಲ್ಲ.”

ಹೆಗಲ ಮೇಲೆ ಹೊತ್ತು ತಿರುಗಿದ ಮಾವ. ಸಿಟ್ಟು ಯಾರ ಮೇಲೆ ಮಾಡಬೇಕೋ ತಿಳಿಯಲಿಲ್ಲ. ಕ್ಯಾನ್ಸರ್ ಅಲ್ಲವೆಂದು ಪ್ರಮೋದ ಪೇಢೆ ತಂದಿದ್ದ. ತಿನ್ನಬೇಕೋ ಬೇಡವೋ, ಅದೂ ತಿಳಿಯಲಿಲ್ಲ.

ಆರು ತಿಂಗಳು ಗುಳಿಗೆ. ಮೊದಲ ದಿನ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದಾಗ ರಕ್ತವೆಂದು ಹೆದರಿ ಆಸ್ಪತ್ರೆಗೆ ಫೋನ್ ಮಾಡಿದಳು. ಗುಳಿಗೆಯ ಬಣ್ಣವದು ಎಂದರು. ಎರಡನೇ ತಿಂಗಳಿಗೆ ಜ್ವರ ನಿಂತಿತು. ನೋವೂ ಹೋಯಿತು. ಕೊನೆಯ ಸ್ಕ್ಯಾನಿನಲ್ಲಿ ಗಡ್ಡೆ ಇರಲಿಲ್ಲ.

“ಹಂಗಾದ್ರ ಕೂಸು ಆಗ್ತೈತೇನ್ರೀ ಮೇಡಂ?”

“ರೋಗ ಹೋಗಿದೆ. ಆದರೆ ನಾಳ ಎರಡೂ ಮುಚ್ಚಿಕೊಂಡಿದೆ, ತಾನಾಗೇ ಆಗುದು ಕಷ್ಟ. ಐವಿಎಫ್ ನೋಡಬಹುದು. ಖಂಡಿತ ಅಂತ ಹೇಳ್ಲಿಕ್ಕೆ ಆಗುದಿಲ್ಲ.”

ಕೆಳಗೆ ಕಾರಿನಲ್ಲಿ ಕಾಯುತ್ತಿದ್ದ ಪ್ರಮೋದ “ಏನಂದ್ರು?” ಎಂದ.

“ಆರಾಮಾಗೀನಿ ಅಂದ್ರು” ಎಂದಳು. ಉಳಿದದ್ದನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಸೀಟ್ ಬೆಲ್ಟ್ ಎಳೆದುಕೊಂಡಳು.