ಹಾಡುಗಾರ್ತಿಯ ಗಂಟಲಲ್ಲಿ ಒಂದು ಟ್ಯೂಬು

1998ರಲ್ಲಿ ನಾನು ಟೊರೊಂಟೊದ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆಯಾಗಿದ್ದೆ. ಮೈಸೂರಿನಲ್ಲಿ ಓದಿ, ಇಲ್ಲಿಗೆ ಬಂದು ಪರೀಕ್ಷೆಗಳನ್ನೆಲ್ಲ ಮತ್ತೆ ಬರೆದು, ಆ ಹುದ್ದೆಗೆ ಸೇರಿ ಒಂಬತ್ತು ವರ್ಷವಾಗಿತ್ತು. ಜನ ಸರ್ಜನ್ನರ ಹೆಸರನ್ನು ಜೀವನಪೂರ್ತಿ ನೆನಪಿಟ್ಟುಕೊಳ್ಳುತ್ತಾರೆ. ನಿದ್ದೆ ಮಾಡಿಸಿ ಎಬ್ಬಿಸಿದವಳ ಹೆಸರನ್ನು ಮನೆ ತಲುಪುವಷ್ಟರಲ್ಲಿ ಮರೆಯುತ್ತಾರೆ. ಅದಕ್ಕೆ ನನಗೇನೂ ಬೇಸರವಿರಲಿಲ್ಲ. ಮರೆತರೆ ಎಲ್ಲ ಸರಿಯಾಗಿ ನಡೆದಿದೆ ಎಂದರ್ಥ. ನನ್ನ ಹೆಸರು ಮರೆಯದ ರೋಗಿ ನಂದಿನಿ.

ಅವಳು ಒಪೆರಾ ಗಾಯಕಿ. ಹುಟ್ಟಿ ಬೆಳೆದದ್ದು ಇಲ್ಲೇ, ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ. ಆಗ ಮೂವತ್ತೆರಡು ವರ್ಷ. ಶಾಲೆಯ ಟೀಚರೊಬ್ಬರು ಅವಳ ಧ್ವನಿಯನ್ನು ಗುರುತಿಸಿದಾಗ ಅವಳ ಅಪ್ಪ, “ಕಿರುಚೋದಕ್ಕೂ ಡಿಗ್ರಿ ಬೇಕಾ?” ಎಂದಿದ್ದರಂತೆ. ಡಿಗ್ರಿಯೂ ಆಯಿತು, ಎಂಟು ವರ್ಷ ಕೋರಸ್ಸಿನಲ್ಲಿ ನಿಂತು, ನಾಲ್ಕು ಸಾಲಿನ ದಾಸಿಯರ ಪಾತ್ರ ಹಾಡಿದ್ದೂ ಆಯಿತು. ಇನ್ನು ಹತ್ತು ವಾರಕ್ಕೆ ಅವಳ ಮೊದಲ ನಾಯಕಿ ಪಾತ್ರ. ಒಪೆರಾದಲ್ಲಿ ಮೈಕ್ ಇರುವುದಿಲ್ಲ. ಅಷ್ಟೊಂದು ವಾದ್ಯಗಳನ್ನು ದಾಟಿ ಕೊನೆಯ ಸಾಲಿನವರೆಗೂ ಬರೀ ಗಂಟಲೇ ಮುಟ್ಟಬೇಕು. ಅಂಥ ಹೊತ್ತಿನಲ್ಲಿ ಎದೆಯಲ್ಲೊಂದು ಗಂಟು ಕಾಣಿಸಿಕೊಂಡಿತ್ತು. ಅದನ್ನು ತೆಗೆದು ಪರೀಕ್ಷೆಗೆ ಕಳಿಸಬೇಕಿತ್ತು. ನಲವತ್ತು ನಿಮಿಷದ ಕೆಲಸ.

“ಡಾಕ್ಟರ್, ಪ್ಲೀಸ್, ನೋ ಟ್ಯೂಬ್,” ಎಂದಳು, ಬೆಳಿಗ್ಗೆ ನನ್ನನ್ನು ಕಂಡ ಕೂಡಲೇ. “ಲಂಪಿಗಿಂತ ನಂಗೆ ಅದೇ ಸ್ಕೇರಿ.”

ಅವಳ ಹೆದರಿಕೆಗೆ ಕಾರಣವಿತ್ತು. ಪೂರ್ಣ ಅರಿವಳಿಕೆಯಲ್ಲಿ ಉಸಿರಿಗೆ ದಾರಿ ಮಾಡಲು ಹಾಕುವ ಟ್ಯೂಬು ಎರಡು ಧ್ವನಿತಂತುಗಳ ನಡುವೆಯೇ ತೂರಿ ಶ್ವಾಸನಾಳಕ್ಕೆ ಇಳಿಯುತ್ತದೆ. ಅದರ ಬದಲು ಲ್ಯಾರಿಂಜಿಯಲ್ ಮಾಸ್ಕ್ ಎಂಬ ಸಾಧನವಿದೆ. ಅದು ತಂತುಗಳ ಮೇಲ್ಗಡೆಯೇ ಕೂರುತ್ತದೆ, ಒಳಕ್ಕೆ ಹೋಗುವುದಿಲ್ಲ. ಆದರೆ ಹೊಟ್ಟೆಯಿಂದ ಮೇಲೆ ಬಂದದ್ದನ್ನು ಅದು ತಡೆಯಲಾರದು. ಹೊಟ್ಟೆ ಖಾಲಿ ಇದ್ದರೆ ಮಾತ್ರ ಕ್ಷೇಮ.

“ಬೆಳಿಗ್ಗೆ ಏನಾದ್ರೂ ತಿಂದ್ಯೇನಮ್ಮಾ?” ಎಂದು ಕೇಳಿದೆ.

“ನಥಿಂಗ್,” ಎಂದಳು. ಹಾಳೆಯಲ್ಲಿ ಟಿಕ್ ಹಾಕಿ, ಮಾಸ್ಕನ್ನೇ ಹಾಕಿದೆ.

ಇಪ್ಪತ್ತನೇ ನಿಮಿಷಕ್ಕೆ ಅವಳ ಮೈ ಬಿಕ್ಕಳಿಕೆ ಬಂದ ಹಾಗೆ ಅದುರಿತು. ಮಾಸ್ಕಿನ ಕೊಳವೆಯಲ್ಲಿ ಬೆಳ್ಳಗೆ ಏನೋ ಏರಿಬಂತು. ಅದು ಹಾಲೆಂದು ತಿಳಿಯಲು ಡಾಕ್ಟರೇ ಆಗಬೇಕಿರಲಿಲ್ಲ. ಹಾಲು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾದಂತೆ ಮಾನಿಟರಿನ ಬೀಪ್ ಶ್ರುತಿಯೂ ಇಳಿಯುತ್ತದೆ. ತೊಂಬತ್ತೆಂಟು, ತೊಂಬತ್ತು, ಎಂಬತ್ತಮೂರು. ಸರ್ಜನ್ ಕೈ ಎತ್ತಿ ನಿಂತುಬಿಟ್ಟರು. ಮೇಜಿನ ತಲೆಭಾಗ ತಗ್ಗಿಸಿದೆ, ಮಾಸ್ಕ್ ತೆಗೆದೆ, ಸಕ್ಷನ್ ಹಾಕಿ ಹಾಲನ್ನು ಎಳೆದೆ. ಈಗ ಟ್ಯೂಬಲ್ಲದೆ ಬೇರೆ ದಾರಿಯಿರಲಿಲ್ಲ. ಮೊದಲ ಸಲ ಹಾಲಿನಲ್ಲಿ ಏನೂ ಕಾಣದೆ ತುದಿ ಬಲಗಡೆಯ ತಂತುವಿಗೆ ತಗುಲಿತು. ತಗುಲಿದ್ದು ನನ್ನ ಬೆರಳಿಗೆ ಗೊತ್ತಾಯಿತು. ಎರಡನೇ ಸಲ ಒಳಗೆ ಹೋಯಿತು. ಬೀಪ್ ಮೆಲ್ಲಗೆ ಮೇಲೇರಿತು, ಸರ್ಜನ್ ಉಳಿದ ಕೆಲಸ ಮುಗಿಸಿದರು.

ಹೊರಗೆ ಅವಳ ತಾಯಿ ಸರೋಜಮ್ಮ ಕೂತಿದ್ದರು. ನಡೆದದ್ದನ್ನು ಹೇಳಿ, ಮಗಳು ಬೆಳಿಗ್ಗೆ ಏನು ಕುಡಿದಳೆಂದು ಕೇಳಿದೆ.

“ಏನೂ ಕೊಟ್ಟಿಲ್ಲ ಡಾಕ್ಟ್ರೇ, ಒಂದು ಲೋಟ ಬಾದಾಮಿ ಹಾಲು ಅಷ್ಟೇ. ಏಕಾದಶಿಗೂ ನಾವು ಹಾಲು ಕುಡೀತೀವಲ್ಲ. ಹಾಡೋಳು, ಗಂಟಲು ಒಣಗಬಾರದು ಅಂತ ನಾನೇ ಬಲವಂತ ಮಾಡ್ದೆ.” ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು, “ನಾನೇ ಅವಳ ಗಂಟಲು ಹಿಸುಕಿದ್ನಾ?”

“ಇಲ್ಲ,” ಎಂದೆ. “ಸರಿಯಾಗಿ ಕೇಳದೇ ಇದ್ದದ್ದು ನಾನು.”

ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ನಮ್ಮ ಮನೆಯಲ್ಲೂ ಹಾಲು, ಬಾಳೆಹಣ್ಣು ಉಪವಾಸವನ್ನು ಕೆಡಿಸುತ್ತಿರಲಿಲ್ಲ. ಆ ಕಟ್ಟಡದಲ್ಲಿ ಅದನ್ನು ಊಹಿಸಬಹುದಾಗಿದ್ದವಳು ನಾನೊಬ್ಬಳೇ. ಇಲ್ಲೇ ಹುಟ್ಟಿದವಳು, ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು ಎಂದು ಅವಳ ಮನೆಯ ಅಡುಗೆಮನೆಯನ್ನೇ ಮರೆತುಬಿಟ್ಟಿದ್ದೆ. ದಾಖಲೆಯಲ್ಲಿ ಟಿಕ್ ಇದೆಯಲ್ಲ, ನಿಮ್ಮದೇನೂ ತಪ್ಪಿಲ್ಲ ಎಂದರು ನಮ್ಮ ಮುಖ್ಯಸ್ಥರು. ಆ ಟಿಕ್ ಹಾಕಿದವಳೂ ನಾನೇ.

ಶ್ವಾಸಕೋಶ ನಾಲ್ಕು ದಿನದಲ್ಲಿ ತಿಳಿಯಾಯಿತು. ಗಂಟು ನಿರಪಾಯಕಾರಿ ಎಂದು ವರದಿ ಬಂತು. ಸಂತೋಷಪಡಲು ಯಾರಿಗೂ ಮನಸ್ಸಿರಲಿಲ್ಲ. ಗಂಟಲು ತಜ್ಞರು ಕ್ಯಾಮೆರಾ ಇಳಿಸಿ ನೋಡಿದಾಗ ಬಲ ತಂತುವಿನೊಳಗೆ ರಕ್ತ ಹೆಪ್ಪುಗಟ್ಟಿತ್ತು. ಗಾಯದ ಕಲೆ ಉಳಿದರೆ ಮಾತು ಬರುತ್ತದೆ, ಹಾಡು ಬರುವುದಿಲ್ಲ. ನಾಲ್ಕು ವಾರ ಪೂರ್ತಿ ಮೌನ, ಪಿಸುಮಾತೂ ಕೂಡದು. ನಂದಿನಿ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಕೇಳಿದಳು: ‘ಮತ್ತೆ ಬರುತ್ತಾ?’ ಬರುತ್ತದೆ ಎನ್ನಲು ನಾಲಿಗೆ ತುದಿಯವರೆಗೆ ಬಂದಿತ್ತು. ಗೊತ್ತಿಲ್ಲಮ್ಮ ಎಂದೆ. ಆ ನಾಲ್ಕು ವಾರ ಮನೆಯಲ್ಲಿ ಫೋನ್ ರಿಂಗಾದರೆ ಗಂಟಲು ತಜ್ಞರದೇ ಎಂದುಕೊಳ್ಳುತ್ತಿದ್ದೆ.

ರಕ್ತ ಕರಗಿತು. ಮೊದಲು ಮಾತು, ಆಮೇಲೆ ಕೆಳಗಿನ ಸ್ವರಗಳು ಬಂದವು. ಮೇಲಿನವು ಬರಲು ವರ್ಷ ಹಿಡಿಯಿತು. ಅಷ್ಟರಲ್ಲಿ ಆ ನಾಯಕಿಯ ಪಾತ್ರವನ್ನು ಬೇರೊಬ್ಬಳು ಹಾಡಿ ಮುಗಿಸಿದ್ದಳು.

ಅಲ್ಲಿಂದ ನಿವೃತ್ತಿಯವರೆಗೆ ‘ತಿಂದಿರಾ’ ಎಂದು ನಾನು ಯಾವ ರೋಗಿಯನ್ನೂ ಕೇಳಲಿಲ್ಲ. ಎದ್ದಾಗಿನಿಂದ ಬಾಯೊಳಗೆ ಏನೇನು ಹೋಯಿತು, ತೀರ್ಥವೂ ಸೇರಿ ಹೇಳಿ ಎನ್ನುತ್ತಿದ್ದೆ. ಜೊತೆಗೆ ಬಂದ ತಾಯಂದಿರನ್ನೂ ಬಿಡುತ್ತಿರಲಿಲ್ಲ. ಪ್ರಶ್ನೆ ಕೇಳುವುದು ಟಿಕ್ ಹಾಕಲಿಕ್ಕಲ್ಲ, ಎದುರಿಗಿರುವವರ ಮನೆಯೊಳಗೆ ಹೊಕ್ಕು ನೋಡಲಿಕ್ಕೆ ಎಂದು ಈ ಕೆಲಸ ನನಗೆ ಕಲಿಸಿತು. ಕಲಿಕೆಯ ಬೆಲೆಯನ್ನು ತೆತ್ತವಳು ಮಾತ್ರ ನಂದಿನಿ.

2001ರಲ್ಲಿ ಅವಳಿಗೆ ಮತ್ತೊಂದು ನಾಯಕಿ ಪಾತ್ರ ಸಿಕ್ಕಿತು. ಟಿಕೆಟ್ ಕಳಿಸಿದ್ದಳು, ಸರೋಜಮ್ಮನ ಪಕ್ಕದ ಸೀಟು. ಕೊನೆಯ ಅಂಕದ ಅತಿ ಎತ್ತರದ ಸ್ವರ ಹತ್ತಿರವಾದಾಗ ಅವರು ಕತ್ತಲಲ್ಲಿ ನನ್ನ ಕೈ ಹಿಡಿದರು. ಎರಡು ಕೈಯೂ ತಣ್ಣಗಿದ್ದವು. ಸ್ವರ ಏರಿತು, ನಿಂತಿತು, ಇಳಿಯಿತು. ಸಭಾಂಗಣವೆಲ್ಲ ಎದ್ದು ಚಪ್ಪಾಳೆ ತಟ್ಟುತ್ತಿತ್ತು. ನಾವಿಬ್ಬರೂ ತಟ್ಟಲಿಲ್ಲ, ಹಿಡಿದ ಕೈ ಬಿಡಲು ಇಬ್ಬರಿಗೂ ಧೈರ್ಯವಿರಲಿಲ್ಲ.