ಪಂಕಜಮ್ಮನ ಸಾಲು ಎಲ್ಲಿ ಹೋಯಿತು?

ಒಂಟಿಕೊಪ್ಪಲಿನ ಅಂಬುಜಮ್ಮನವರಿಗೆ ಯಾವುದನ್ನಾದರೂ ತೋರಿಸಿ "ಇದು ಹೀಗೇ" ಎಂದುಬಿಟ್ಟರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಯಾಕೆ ಹೀಗೇ ಎಂದು ತಿಳಿಯುವ ತನಕ ಅವರಿಗೆ ಊಟ ಸೇರುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಮಾವನವರ ಗೋಡೆ ಗಡಿಯಾರವನ್ನು ಬಿಚ್ಚಿ ಮತ್ತೆ ಜೋಡಿಸಿದ್ದರು. ಒಂದು ಸಣ್ಣ ಚಕ್ರ ಹೊರಗೇ ಉಳಿದುಹೋಯಿತು, ಗಡಿಯಾರ ಮಾತ್ರ ಓಡುತ್ತಿತ್ತು. "ಇದಿಲ್ದೇನೂ ಓಡತ್ತೆ ಅಂದ್ಮೇಲೆ ಒಳಗೆ ಯಾಕಿಟ್ಟಿದ್ರು?" ಎಂದು ಅರಮನೆ ಕಚೇರಿಯಿಂದ ನಿವೃತ್ತರಾಗಿದ್ದ ಆ ಹಿರಿಯರನ್ನೇ ಕೇಳಿದರು. ಅವರು ಕೋಟು ಹಾಕಿಕೊಂಡು ವಾಕಿಂಗ್ ಹೊರಟುಬಿಟ್ಟರು.

ಈಗ ಅಂಬುಜಮ್ಮನಿಗೆ ಅರವತ್ತೈದು ದಾಟಿದೆ, ಕುತೂಹಲಕ್ಕೆ ಮಾತ್ರ ವಯಸ್ಸಾಗಿಲ್ಲ. ಬಡಾವಣೆಯ ಭಜನಾ ಮಂಡಳಿಗೆ ಅವರೇ ಕಾರ್ಯದರ್ಶಿ. ಈ ಬೇಸಿಗೆಯಲ್ಲಿ ಅಣ್ಣನ ಮಗಳು ಲಹರಿ ಅವರ ಕೈಗೊಂದು ಹೊಸ ಆಟಿಕೆ ಕೊಟ್ಟಳು. ಕೋಡು ಗೀಡು ಒಂದಕ್ಷರವನ್ನೂ ಬರೆಯದೆ ಆ್ಯಪ್ ಕಟ್ಟಿಕೊಳ್ಳಬಹುದಾದ ವೆಬ್‌ಸೈಟು ಅದು. ಮಂಡಳಿಯ ಸದಸ್ಯೆಯರ ವಿವರವನ್ನೆಲ್ಲ ಒಂದು ಟೇಬಲ್‌ಗೆ ತುಂಬಬೇಕು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಹೆಸರು, ಯಜಮಾನರ ಹೆಸರು, ಫೋನು, ಶ್ರುತಿ ಎಂದು ಖಾನೆಗಳು. ಆಮೇಲೆ ಅದನ್ನು ಬೇಕಾದ ಹಾಗೆ ಸೋಸಿ ನೋಡಬಹುದು. ಸೋಸುವುದಕ್ಕೆ ಹಾಕುವ ನಿಯಮ ಫಿಲ್ಟರು, ಸೋಸಿದ ಮೇಲೆ ಕಾಣುವುದು ವ್ಯೂ.

"ಟೇಬಲ್ ಒಂದೇ ಅತ್ತೆ. ವ್ಯೂ ಎಷ್ಟು ಬೇಕಾದ್ರೂ ಮಾಡ್ಕೊಳ್ಳಿ," ಎಂದಳು ಲಹರಿ. "ಒಂದು ವ್ಯೂನಲ್ಲಿ ಕಾಣಿಸ್ಲಿಲ್ಲ ಅಂದ್ರೆ ಅಳಿಸಿಹೋಯ್ತು ಅಂತಲ್ಲ."

"ಒಂದೇ ಹಿಟ್ಟಲ್ಲಿ ದೋಸೆ, ಪಡ್ಡು ಎರಡೂ ಮಾಡ್ದಂಗೆ ಅನ್ನು."

ಅಲ್ಲಿಂದ ಅಂಬುಜಮ್ಮನನ್ನು ಹಿಡಿಯುವವರಿಲ್ಲ. ಈರುಳ್ಳಿ ತಿನ್ನದವರು ಎಂದೊಂದು ವ್ಯೂ, ಮಹಡಿ ಹತ್ತಲಾರದವರು ಎಂದೊಂದು, ಶ್ರುತಿ ಬಿಟ್ಟು ಹಾಡುವವರು ಎಂದು ಯಾರಿಗೂ ಕಾಣದ ಹಾಗೆ ಮತ್ತೊಂದು. ಗಂಡ ಬಿಂದುಮಾಧವರಾಯರು ಪೇಪರಿನ ಹಿಂದಿನಿಂದಲೇ, "ಗಂಡನ ಮಾತು ಕೇಳೋರು ಅಂತ ಒಂದು ಮಾಡು," ಎಂದರು. ಅಂಬುಜಮ್ಮ ಟಕಟಕ ಒತ್ತಿ, "ಮಾಡ್ದೆ ರೀ. ಖಾಲಿ ಬಂತು," ಎಂದರು.

ನವರಾತ್ರಿ ಹತ್ತಿರವಾಯಿತು. ಗೊಂಬೆ ಕೂರಿಸಿದ ಶುಕ್ರವಾರ ಮನೆಗೆ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆಯುವುದು, ಹಾಡಿಸುವುದು ಅತ್ತೆಯವರ ಕಾಲದಿಂದ ನಡೆದುಬಂದದ್ದು. ಈ ಸಲ ಅದಕ್ಕೂ ಒಂದು ವ್ಯೂ. ಅದರಲ್ಲಿರುವವರಿಗೆಲ್ಲ ಒಂದೇ ಒತ್ತಿಗೆ ಕರೆ ಹೋಗಬೇಕು. ಯಾರನ್ನು ಕರೆಯುವುದು? ಮುತ್ತೈದೆಯರನ್ನು, ಅದರಲ್ಲಿ ಕೇಳುವುದೇನಿದೆ? ಯಜಮಾನರ ಹೆಸರು ತುಂಬಿರುವ ಸಾಲು ಮಾತ್ರ ಕಾಣಲಿ ಎಂದು ಫಿಲ್ಟರು ಹಾಕಿದರು. ಎಲ್ಲಕ್ಕೂ ಯಾಕೆ ಎನ್ನುವ ಅಂಬುಜಮ್ಮ ಇದಕ್ಕೆ ಮಾತ್ರ ಯಾಕೆ ಎನ್ನಲಿಲ್ಲ. ಕೈ ತಾನಾಗಿಯೇ ಓಡಿತು.

ಕೈ ಅಳುಕಿದ್ದು ಒಂದೇ ಸಾಲಿನಲ್ಲಿ. ಪಕ್ಕದ ಬೀದಿಯ ಪಂಕಜಮ್ಮ ಅಂಬುಜಮ್ಮನಿಗೆ ಮಹಾರಾಣಿ ಕಾಲೇಜಿನ ದಿನಗಳಿಂದ ಗೆಳತಿ. ಮಂಡಳಿಯಲ್ಲಿ ಅವರ ಕಂಠಕ್ಕೆ ಸಾಟಿಯಿಲ್ಲ, ಆ ಶುಕ್ರವಾರದ ಮೊದಲ ಹಾಡು ಎಂದಿಗೂ ಅವರದೇ. ಅವರ ಯಜಮಾನರು ಲಕ್ಷ್ಮೀನರಸಿಂಹಯ್ಯ ಹೋದ ವರ್ಷದ ಶ್ರಾವಣದಲ್ಲಿ ತೀರಿಕೊಂಡರು. ವರ್ಷಾಬ್ದಿಕದ ತನಕ ಪಂಕಜಮ್ಮ ಎಲ್ಲೂ ಹೋಗಲಿಲ್ಲ, ಕರೆಯುವ ಪ್ರಶ್ನೆಯೂ ಬರಲಿಲ್ಲ. ಈ ವರ್ಷ ಬಂದಿತ್ತು. ಮಂಡಳಿಯ ಹಳೆಯ ಪುಸ್ತಕದಿಂದ ವಿವರ ಇಳಿಸುವಾಗ ಅಂಬುಜಮ್ಮ ಲಕ್ಷ್ಮೀನರಸಿಂಹಯ್ಯನವರ ಹೆಸರನ್ನು ಇದ್ದ ಹಾಗೇ ಸೇರಿಸಿಬಿಟ್ಟಿದ್ದರು. ಹಾಗಾಗಿ ಪಂಕಜಮ್ಮ ವ್ಯೂನಲ್ಲೇ ಇದ್ದರು. ಕರೆ ತಾನಾಗಿ ಹೋಗಲಿ, ಯಾರಾದರೂ ಕೇಳಿದರೆ ಆ್ಯಪಿನ ತಪ್ಪು ಎಂದರಾಯಿತು. ಅಂಬುಜಮ್ಮನ ಜಾಣತನ ಇಷ್ಟು.

ಬುಧವಾರ ಸಂಜೆ ಕರೆ ಕಳಿಸಲು ಕೂತರೆ ಪಂಕಜಮ್ಮ ಕಾಣಲಿಲ್ಲ. ಮೇಲಿಂದ ಕೆಳಕ್ಕೆ ಹುಡುಕಿದರು. ಕನ್ನಡಕ ಒರೆಸಿಕೊಂಡು ಕೆಳಗಿನಿಂದ ಮೇಲಕ್ಕೆ ಹುಡುಕಿದರು. ಲಹರಿಗೆ ಫೋನು ಹೋಯಿತು.

"ನಿನ್ನ ಆ್ಯಪು ಪಂಕಜನ್ನ ನುಂಗ್ಬಿಟ್ಟಿದೆ ಕಣೇ!"

"ನುಂಗಿಲ್ಲ ಅತ್ತೆ, ಟೇಬಲ್‌ನಲ್ಲೇ ಇದಾರೆ. ಫಿಲ್ಟರ್ ಹಾಕಿರೋದು ನೀವೇ ಅಲ್ವಾ? ಆ ಖಾನೆ ಈಗ ಖಾಲಿ ಇದೆ, ಅದಕ್ಕೆ ಕಾಣ್ತಿಲ್ಲ. ಯಾರು ತಿದ್ದಿದ್ದಾರೆ ಅಂತ ಸಾಲಿನ ಪಕ್ಕದಲ್ಲೇ ಬರತ್ತೆ, ಒತ್ತಿ ನೋಡಿ."

ಒತ್ತಿದರು. ಅದೇ ಮಧ್ಯಾಹ್ನ ತಿದ್ದಿದ್ದು ಪಂಕಜಮ್ಮನೇ. ತಮ್ಮ ತಮ್ಮ ಸಾಲನ್ನು ಫೋನಿನಲ್ಲಿ ತಾವೇ ತಿದ್ದಿಕೊಳ್ಳಿ ಎಂದು ಎಲ್ಲರಿಗೂ ಪಾಠ ಹೇಳಿದ್ದವರು ಅಂಬುಜಮ್ಮ. ಸರಿ, ತಿದ್ದಿದ್ದು ಯಾಕೆ? ಅದು ಯಾವ ಖಾನೆಯಲ್ಲೂ ಇರಲಿಲ್ಲ.

ಲಹರಿ ಫೋನಿಟ್ಟ ಮೇಲೂ ಅಂಬುಜಮ್ಮನ ಬೆರಳು ಸುಮ್ಮನಿರಲಿಲ್ಲ. ಈ ವ್ಯೂನಲ್ಲಿ ಕಾಣದವರು ಇನ್ನು ಯಾರಿದ್ದಾರೆ? ಫಿಲ್ಟರನ್ನು ತಿರುಗುಮುರುಗು ಮಾಡಿದರು. ಯಜಮಾನರ ಹೆಸರು ಖಾಲಿ ಇರುವವರು ಮಾತ್ರ ಕಾಣಲಿ ಎಂದರು. ಹೆಸರುಗಳು ಬಂದವು. ಸಿದ್ದಲಿಂಗಮ್ಮ, ಪ್ರೇಮಲೀಲಾ, ಮದುವೆಯನ್ನೇ ಆಗದ ತೇಜಸ್ವಿನಿ ಟೀಚರು, ಇನ್ನೂ ಕೆಲವರು, ಕೊನೆಗೆ ಪಂಕಜಾ. ವಾರವಾರವೂ ಪಕ್ಕದಲ್ಲಿ ಕೂತು ತಾಳ ಹಾಕುವವರು. ಗೊಂಬೆಯ ದಿನ ಇವರು ಬರುವುದಿಲ್ಲ ಎಂದೇ ಅಂಬುಜಮ್ಮ ಇಷ್ಟು ವರ್ಷ ತಿಳಿದಿದ್ದರು. ಬರುವ ಮಾತೆಲ್ಲಿ ಬಂತು, ಇವರನ್ನು ಕರೆದೇ ಇರಲಿಲ್ಲ. ಒಬ್ಬೊಬ್ಬರಾಗಿ ಜಾರಿಹೋದಾಗ ಗೊತ್ತಾಗದೇ ಇದ್ದದ್ದು ಈಗ ಒಟ್ಟಿಗೆ ಪರದೆಯ ಮೇಲೆ ಕೂತಿತ್ತು. ಅಂಬುಜಮ್ಮನಿಗೆ ನಾಚಿಕೆಯಾಯಿತು.

"ರೀ, ಇವರನ್ನೆಲ್ಲ ಕರೆದ್ರೆ ಏನಾಗತ್ತೆ?"

ಬಿಂದುಮಾಧವರಾಯರು ಪೇಪರು ಮಡಿಸಿಟ್ಟರು. "ಒಂದಿಬ್ಬರು ಎದ್ದುಹೋಗ್ತಾರೆ. ನಿಮ್ಮತ್ತೆ ಇದ್ದಿದ್ರೆ ಅವರೂ ಹೋಗ್ತಿದ್ರು," ಎಂದರು. ಬೇಡ ಎನ್ನಲಿಲ್ಲ.

ಅಂಬುಜಮ್ಮ ಹೇಗಿದ್ದರೋ ಹಾಗೇ ಚಪ್ಪಲಿ ಮೆಟ್ಟಿಕೊಂಡು ಪಂಕಜಮ್ಮನ ಮನೆಗೆ ನಡೆದರು. ಪಂಕಜಮ್ಮ ಅಂಗಳದಲ್ಲಿ ಹೂ ಕಟ್ಟುತ್ತಾ ಕೂತಿದ್ದರು.

"ಅದ್ಯಾಕೆ ಅಳಿಸ್ದೆ?"

ಪಂಕಜಮ್ಮ ತಲೆ ಎತ್ತಲಿಲ್ಲ. "ನೀನು ಅಳಿಸಲ್ಲ ಅಂತ ಗೊತ್ತಿತ್ತು ಕಣೇ. ದಿನಾ ತೆಗೆದು ನೋಡ್ತಿದ್ದೆ. ಅವರು ಹೋಗಿ ವರ್ಷದ ಮೇಲಾಯ್ತು, ಹೆಸರು ಅಲ್ಲೇ ಕೂತಿದೆ, ಶುಕ್ರವಾರದ ವ್ಯೂನಲ್ಲಿ ನಾನೂ ಇದೀನಿ. ಇಂಥೋಳು ಇದನ್ನ ಯಾಕಿಟ್ಟುಕೊಂಡಿದಾಳೆ ಅಂತ ಯೋಚನೆ ಮಾಡ್ದೆ. ಕರೆ ಹೋಗ್ಲಿ, ಕೇಳಿದ್ರೆ ಮೆಶೀನಿನ ಮೇಲೆ ಹಾಕೋಣ ಅಂತ ತಾನೆ?"

ಅಂಬುಜಮ್ಮ ಚಪ್ಪಲಿ ಬಿಟ್ಟು ಹತ್ತಿರ ಬಂದರು.

"ನಾನು ಬಂದು ಕೂತ್ಕೊಂಡಾಗ ಅವರಿವರು ಮುಖಮುಖ ನೋಡ್ಕೋತಾರೆ. ಆಗ ನೀನು, ಅಯ್ಯೋ, ತಪ್ಪಾಗಿ ಹೋಗ್ಬಿಟ್ಟಿದೆ ಅಂತೀಯಾ. ತಪ್ಪಾಗಿ ಬಂದೋಳು ಅನ್ನಿಸ್ಕೊಳ್ಳೋಕೆ ನನಗಿಷ್ಟ ಇಲ್ಲ, ಅಂಬುಜಾ. ಕರೆಯೋದು ಬೇಡದಿದ್ರೆ ಬೇಡ, ನಂಗೇನೂ ಬೇಜಾರಿಲ್ಲ. ಕರೆಯೋದಾದ್ರೆ ಗೊತ್ತಿದ್ದು ಕರಿ."

ಬೇಜಾರಿಲ್ಲ ಎಂದವರ ಕೈಯಲ್ಲಿ ಹೂವಿನ ದಾರ ಗಂಟಾಗಿಹೋಗಿತ್ತು. ಅಂಬುಜಮ್ಮ ಪಕ್ಕದ ಮೆಟ್ಟಿಲ ಮೇಲೆ ಕೂತು ಆ ಗಂಟನ್ನು ಬಿಡಿಸತೊಡಗಿದರು. ಬಿಡಿಸುತ್ತಲೇ, "ಗೊತ್ತಿದ್ದೇ ಕರೀತಿದೀನಿ ಕಣೇ. ಶುಕ್ರವಾರ ಸಂಜೆ ಬಾ. ಎಲ್ಲರನ್ನೂ ಕರೀತೀನಿ," ಎಂದರು. ಸಲೀಸಾಗಿ ಬಂದ ಮಾತಲ್ಲ, ಕಣ್ಣು ತುಂಬಿತ್ತು.

ಅಂದು ರಾತ್ರಿ ಊಟಕ್ಕೆ ಮುಂಚೆಯೇ ಫಿಲ್ಟರು ತೆಗೆದರು. ಪಕ್ಕದಲ್ಲಿ ಯಜಮಾನರ ಹೆಸರಿದ್ದವರು, ಇಲ್ಲದವರು ಎಲ್ಲರೂ ಒಟ್ಟಿಗೆ ಬಂದರು. ಎಲ್ಲರಿಗೂ ಕರೆ ಹೋಯಿತು.

ಶುಕ್ರವಾರ ರಾಯರು ಹೇಳಿದ ಹಾಗೇ ಇಬ್ಬರು ಗೊಂಬೆ ನೋಡಿದ ಶಾಸ್ತ್ರ ಮಾಡಿ ಸೆರಗು ಕೊಡವಿಕೊಂಡು ಎದ್ದುಹೋದರು. ಉಳಿದವರು ಕೂತರು. ಸಿದ್ದಲಿಂಗಮ್ಮ ಬಾಗಿಲಲ್ಲೇ ನಿಂತಿದ್ದರು, ತೇಜಸ್ವಿನಿ ಟೀಚರು ಕೈಹಿಡಿದು ಒಳಗೆ ಕರೆತಂದರು. ಅಂಬುಜಮ್ಮ ಕುಂಕುಮದ ಭರಣಿ ಹಿಡಿದು ಸಾಲಾಗಿ ಬರುವಾಗ ಪಂಕಜಮ್ಮ ಮೆಲ್ಲಗೆ, "ನಾನು ಅಡುಗೆಮನೇಲಿರ್ತೀನಿ," ಎಂದು ಏಳಹೊರಟರು.

"ಗೊತ್ತಿದ್ದೇ ಕರೆದಿದ್ದು," ಎಂದು ಅಂಬುಜಮ್ಮ ಎಲ್ಲರಿಗೂ ಕೇಳುವಂತೆ ಹೇಳಿ ಅಲ್ಲೇ ನಿಂತರು.

ಪಂಕಜಮ್ಮ ಮತ್ತೆ ಕೂತು ಹಣೆಯನ್ನು ಮುಂದೆ ಮಾಡಿದರು. ಅಂಬುಜಮ್ಮ ಧಾರಾಳವಾಗಿ ಹಚ್ಚಿದ ಕುಂಕುಮ ಮೂಗಿನ ಮೇಲೂ ಉದುರಿತು. ಪಂಕಜಮ್ಮ ಅದನ್ನು ಒರೆಸಿಕೊಳ್ಳಲಿಲ್ಲ. ಶ್ರುತಿಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಹಾಡಲು ಕೂತರು.